ಪ್ರೊಸ್ಟೇಟ್ ಬಯಾಪ್ಸಿ: ಒಪ್ಪುವ ಮುನ್ನ ತಿಳಿದಿರಲಿ

ಐವತ್ತು ದಾಟಿದ ಗಂಡಸರಲ್ಲಿ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಧಾರೆ ಸಣ್ಣದಾಗುವುದು, ಮುಗಿದ ಮೇಲೂ ಹನಿ ಬೀಳುವುದು ಸಾಮಾನ್ಯ. ವುಝೂ ಮಾಡಿದ ಬಳಿಕ ಹನಿ ಬೀಳುತ್ತದೆಂದು ಕೊರಗುವ ಹಿರಿಯರೂ ಅದನ್ನು ಮನೆಯಲ್ಲಿ ಹೇಳಲು ನಾಚುತ್ತಾರೆ. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಕ್ಯಾನ್ಸರ್ ಅಲ್ಲ. ವಯಸ್ಸಾದಂತೆ ಪ್ರೊಸ್ಟೇಟ್ ಗ್ರಂಥಿ ದೊಡ್ಡದಾಗುವುದು. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಈ ಗ್ರಂಥಿ ಬೆಳೆದರೆ ನಾಳ ಒತ್ತಿಹೋಗುತ್ತದೆ.

ಆದರೆ ಕ್ಯಾನ್ಸರ್ ಆರಂಭದಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರಬಹುದು. ಆದ್ದರಿಂದ ವೈದ್ಯರು ಪಿಎಸ್‌ಎ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಇದರ ಪ್ರಮಾಣ ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಗ್ರಂಥಿ ದೊಡ್ಡದಾದರೂ, ಮೂತ್ರದ ಸೋಂಕಿದ್ದರೂ ಅದು ಏರುತ್ತದೆ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸುವುದು ಇದೇ ಕಾರಣಕ್ಕೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಗ್ರಂಥಿಯ ಸಣ್ಣ ಚೂರುಗಳನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಇದೇ ಬಯಾಪ್ಸಿ.

ಮೊದಲು ಎಂಆರ್‌ಐ

ಸಾಧ್ಯವಿದ್ದರೆ ಬಯಾಪ್ಸಿಗೆ ಮೊದಲೇ ಎಂಆರ್‌ಐ ಮಾಡಿಸುವುದು ಒಳ್ಳೆಯದು. 11 ದೇಶಗಳ 500 ಗಂಡಸರ ಮೇಲೆ ನಡೆದ ‘ಪ್ರಿಸಿಷನ್’ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಂಆರ್‌ಐ ಮಾಡಿಸಿಕೊಂಡವರಲ್ಲಿ ಶೇ. 28ರಷ್ಟು ಮಂದಿಗೆ ಬಯಾಪ್ಸಿಯ ಅಗತ್ಯವೇ ಬೀಳಲಿಲ್ಲ. ಸಂಶಯದ ಜಾಗಕ್ಕೆ ಗುರಿಯಿಟ್ಟು ಸೂಜಿ ಹಾಕಿದ ಈ ಗುಂಪಿನಲ್ಲಿ ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಶೇ. 38 ಮಂದಿಯಲ್ಲಿ ಪತ್ತೆಯಾಯಿತು. ಹಳೆಯ ಕ್ರಮದಲ್ಲಿ ಶೇ. 26.

ಸೂಜಿಯ ಎರಡು ದಾರಿಗಳು

ಒಂದು, ಗುದನಾಳದ ಮೂಲಕ. ಅಲ್ಟ್ರಾಸೌಂಡ್ ನಳಿಗೆಯನ್ನು ಗುದದ್ವಾರದೊಳಗೆ ಇಟ್ಟು, ಗುದನಾಳದ ಗೋಡೆಯನ್ನು ದಾಟಿ ಸೂಜಿ ಹಾಕುತ್ತಾರೆ. ಬೇಗ ಮುಗಿಯುತ್ತದೆ. ಆದರೆ ಮಲದಲ್ಲಿರುವ ರೋಗಾಣುಗಳು ಸೂಜಿಯ ಜೊತೆ ಗ್ರಂಥಿಗೂ ರಕ್ತಕ್ಕೂ ಸೇರಬಹುದು. ಇದನ್ನು ತಡೆಯಲು ಆಂಟಿಬಯೋಟಿಕ್ ಕೊಡುತ್ತಾರೆ. ಆದರೆ ಅನೇಕ ರೋಗಾಣುಗಳು ಈ ಔಷಧಗಳಿಗೆ ಈಗ ಬಗ್ಗುತ್ತಿಲ್ಲ.

ಇನ್ನೊಂದು, ವೃಷಣಚೀಲ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ. ನಳಿಗೆ ಇಲ್ಲೂ ಗುದದ್ವಾರದಲ್ಲೇ ಇರುತ್ತದೆ. ಸೂಜಿ ಮಾತ್ರ ಶುಚಿಗೊಳಿಸಿದ ಚರ್ಮದಿಂದ ಹೋಗುತ್ತದೆ. ಗ್ರಂಥಿಯ ಮುಂಭಾಗವನ್ನು ತಲಪುವುದೂ ಸುಲಭ. ಈಗ ಎರಡನ್ನೂ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದು.

ಬ್ರಿಟನ್ನಿನಲ್ಲಿ 1,126 ಗಂಡಸರಲ್ಲಿ ಎರಡನ್ನೂ ಹೋಲಿಸಿದ ‘ಟ್ರಾನ್ಸ್‌ಲೇಟ್’ ಅಧ್ಯಯನ 2025ರಲ್ಲಿ ಹೊರಬಂತು. ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಚರ್ಮದ ದಾರಿಯಲ್ಲಿ ಶೇ. 60, ಗುದನಾಳದ ದಾರಿಯಲ್ಲಿ ಶೇ. 54 ಮಂದಿಯಲ್ಲಿ ಸಿಕ್ಕಿತು. ಸೋಂಕಿನಿಂದ ಆಸ್ಪತ್ರೆ ಸೇರಬೇಕಾದವರೂ ಚರ್ಮದ ದಾರಿಯಲ್ಲಿ ಕಡಿಮೆ. ಆದರೆ ಸೂಜಿ ಹಾಕುವಾಗಿನ ನೋವು, ಮುಜುಗರ ಅದರಲ್ಲೇ ಹೆಚ್ಚು. ಎರಡೂ ಸೌಲಭ್ಯವಿರುವಲ್ಲಿ ಚರ್ಮದ ದಾರಿಯನ್ನು ಕೇಳಿ. ಇಲ್ಲದಿದ್ದರೆ ಅದಕ್ಕಾಗಿ ತಿಂಗಳುಗಟ್ಟಲೆ ಮುಂದೂಡಬೇಡಿ.

ವೈದ್ಯರಿಗೆ ಮುಚ್ಚಿಡಬೇಡಿ

ಸಕ್ಕರೆ ಕಾಯಿಲೆ, ಔಷಧದ ಅಲರ್ಜಿ, ಈಚೆಗೆ ಸೇವಿಸಿದ ಆಂಟಿಬಯೋಟಿಕ್, ಮೂತ್ರದ ಸೋಂಕು, ವಿದೇಶ ಪ್ರಯಾಣ ಎಲ್ಲವನ್ನೂ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ. ಸಂಕೋಚವಿದ್ದರೆ ಪರದೆ, ಹೊದಿಕೆ, ಪುರುಷ ಸಿಬ್ಬಂದಿಯನ್ನು ಕೇಳಬಹುದು.

ಬಯಾಪ್ಸಿಯ ನಂತರ

ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಿಸಬಹುದು. ಹೆದರಬೇಕಿಲ್ಲ. ಆದರೆ ಚಳಿ, ನಡುಕ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಮೂತ್ರ ಕಟ್ಟುವುದು, ರಕ್ತದ ಗಟ್ಟಿಗಳು ಬೀಳುವುದು ಕಂಡರೆ ಅದೇ ಕ್ಷಣ ಆಸ್ಪತ್ರೆಗೆ ಹೋಗಿ. ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ರಕ್ತಕ್ಕೆ ಸೇರಿದ ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದು.

ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಅಂಜಿ ಹಿಂದೆ ಸರಿಯುವವರಿದ್ದಾರೆ. ಹಾಗಾಗುವುದು ತೀರಾ ಅಪರೂಪ. ಪರೀಕ್ಷೆ ತಡವಾಗುವುದೇ ದೊಡ್ಡ ಅಪಾಯ. ಕ್ಯಾನ್ಸರ್ ಎಂದು ಬಂದರೂ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ನಿಧಾನವಾಗಿ ಬೆಳೆಯುವ ಬಗೆಯಾದರೆ ಆಗಾಗ ಪರೀಕ್ಷಿಸುತ್ತಾ ಕಾದು ನೋಡುವುದೂ ಒಂದು ಕ್ರಮ. ನಿಮ್ಮ ತಂದೆಗೋ ಅಣ್ಣನಿಗೋ ಈ ಕ್ಯಾನ್ಸರ್ ಬಂದಿದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. ಪಿಎಸ್‌ಎ ಪರೀಕ್ಷೆಯ ಬಗ್ಗೆ ವೈದ್ಯರೊಡನೆ ಬೇಗನೆ ಮಾತಾಡಿ.