ಪಿಎಫ್ ಲೆಕ್ಕಕ್ಕೆ ಹೊಸಬರೆಷ್ಟು, ಮರಳಿ ಬಂದವರೆಷ್ಟು?

ಪ್ರಶ್ನೆ: 2024ರ ಜುಲೈನಲ್ಲಿ ಪಿಎಫ್‌ಗೆ 19.94 ಲಕ್ಷ ಸದಸ್ಯರು ಸೇರ್ಪಡೆಯಾದರು ಎಂದು ಓದಿದ್ದೆ. ಒಂದೇ ತಿಂಗಳಲ್ಲಿ ಅಷ್ಟು ಮಂದಿಗೆ ಹೊಸದಾಗಿ ಕೆಲಸ ಸಿಕ್ಕಿತೆ? ಆಗ ನನ್ನ ತಂಗಿ ಒಂದು ಗಾರ್ಮೆಂಟ್ಸ್ ಬಿಟ್ಟು ಇನ್ನೊಂದಕ್ಕೆ ಸೇರಿದ್ದಳು. ಅವಳೂ ಈ ಲೆಕ್ಕದಲ್ಲಿ ಇದ್ದಾಳೆಯೆ?

ಉತ್ತರ: ಹಳೆಯ ಪಿಎಫ್ ಸಂಖ್ಯೆಯನ್ನೇ ಮುಂದುವರಿಸಿದ್ದರೆ ನಿಮ್ಮ ತಂಗಿ ಲೆಕ್ಕದಲ್ಲಿ ಇದ್ದಾರೆ, ಆದರೆ ಹೊಸಬರ ಸಾಲಿನಲ್ಲಿ ಅಲ್ಲ. ಕಾರ್ಮಿಕರ ಭವಿಷ್ಯ ನಿಧಿ ಸಂಘಟನೆ 2018ರ ಏಪ್ರಿಲ್‌ನಿಂದ ಪ್ರತಿ ತಿಂಗಳೂ ಈ ಅಂಕಿಅಂಶ ಹೊರತರುತ್ತಿದೆ. ಅದರಲ್ಲಿ ಮೂರು ಬಗೆಯ ಜನ ಇರುತ್ತಾರೆ: ಮೊದಲ ಬಾರಿ ಪಿಎಫ್‌ಗೆ ಬಂದವರು, ಬಿಟ್ಟು ಹೋದವರು, ಬಿಟ್ಟು ಹೋಗಿ ಮತ್ತೆ ಬಂದವರು. ಮೊದಲನೆಯವರಿಗೆ ಮೂರನೆಯವರನ್ನು ಕೂಡಿಸಿ, ಬಿಟ್ಟವರನ್ನು ಕಳೆದಾಗ ಉಳಿಯುವುದೇ ‘ನಿವ್ವಳ ಸೇರ್ಪಡೆ’. ಪತ್ರಿಕೆಗಳ ತಲೆಬರಹಕ್ಕೆ ಏರುವುದು ಇದೇ ಅಂಕಿ.

ಆ ಜುಲೈನಲ್ಲಿ ಮೊದಲ ಸಲ ಪಿಎಫ್‌ಗೆ ಸೇರಿದವರು ಸುಮಾರು 10.52 ಲಕ್ಷ, ಮರಳಿ ಬಂದವರು ಸುಮಾರು 14.65 ಲಕ್ಷ. ಅಂದರೆ ಹೊಸಬರಿಗಿಂತ ಹಳಬರೇ ಹೆಚ್ಚು. ಈ ಎರಡನ್ನೂ ಕೂಡಿಸಿ, ನೀವು ಓದಿದ 19.94 ಲಕ್ಷದ ನಿವ್ವಳ ಅಂಕಿಯನ್ನು ಕಳೆದರೆ ಬಿಟ್ಟು ಹೋದವರು ಸುಮಾರು 5.23 ಲಕ್ಷ ಎಂದಾಗುತ್ತದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮರಳಿ ಬಂದ ಪ್ರತಿಯೊಬ್ಬರೂ ಹಿಂದೊಮ್ಮೆ ಬಿಟ್ಟು ಹೋದವರೇ ತಾನೆ? ಹಾಗಿದ್ದೂ ಬಿಟ್ಟವರ ಸಂಖ್ಯೆ ಇಷ್ಟು ಕಡಿಮೆ ಏಕೆ? ಅವರಲ್ಲಿ ಬಹಳ ಮಂದಿ ಕೆಲಸ ಬಿಟ್ಟದ್ದು ಹಿಂದಿನ ತಿಂಗಳುಗಳಲ್ಲಿ. ಕಳೆಯುವ ಲೆಕ್ಕ ಆ ತಿಂಗಳುಗಳಿಗೆ ಹೋಗಿದೆ, ಕೂಡುವ ಲೆಕ್ಕ ಜುಲೈಗೆ ಬಂದಿದೆ. ಹೀಗಾಗಿ ಒಂದೇ ತಿಂಗಳ ನಿವ್ವಳ ಅಂಕಿ ನೋಡಿ ಉದ್ಯೋಗ ಬೆಳೆಯಿತು ಎನ್ನುವುದು ಸರಿಯಲ್ಲ.

ಯಾರು ಹೊಸಬರು ಎಂಬುದನ್ನು ತೀರ್ಮಾನಿಸುವುದು ಆಧಾರ್ ಜೋಡಣೆಯಾದ ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ. ಹೊಸ ಸಂಖ್ಯೆ ಹುಟ್ಟಿದರೆ ಹೊಸ ಸದಸ್ಯ, ಹಳೆಯ ಸಂಖ್ಯೆಗೆ ಮತ್ತೆ ಹಣ ಬೀಳತೊಡಗಿದರೆ ಮರಳಿ ಬಂದವರು. ನಿಮ್ಮ ತಂಗಿ ಹೊಸ ಕಂಪನಿಗೆ ಹಳೆಯ ಯುಎಎನ್ ಅನ್ನೇ ಕೊಟ್ಟಿದ್ದಾರೆಯೇ ಎಂದು ಒಮ್ಮೆ ಕೇಳಿ ನೋಡಿ. ಪಿಂಚಣಿ ಸಿಗಲು 10 ವರ್ಷದ ಸೇವೆ ಆಗಿರಬೇಕು. ಎರಡು ಸಂಖ್ಯೆಗಳಲ್ಲಿ ಹಂಚಿಹೋದ ಸೇವೆಯನ್ನು ಒಗ್ಗೂಡಿಸಲು ಆಮೇಲೆ ಅಲೆದಾಡಬೇಕಾಗುತ್ತದೆ.

ಮರಳಿ ಬಂದವರೆಲ್ಲ ಹೊಸ ಕೆಲಸ ಪಡೆದವರಲ್ಲ ಎಂಬುದು ಗುತ್ತಿಗೆ ಕೆಲಸಗಾರರ ವಿಷಯದಲ್ಲಿ ಇನ್ನೂ ಸ್ಪಷ್ಟ. ಒಂದು ಆಸ್ಪತ್ರೆಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುವವರನ್ನು ತೆಗೆದುಕೊಳ್ಳಿ. ಟೆಂಡರ್ ಮುಗಿದು ಬೇರೆ ಏಜೆನ್ಸಿ ಬರುತ್ತದೆ. ಗೇಟು ಅದೇ, ಪಾಳಿ ಅದೇ, ಸಂಬಳವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಹಳೆಯ ಏಜೆನ್ಸಿಯ ಚಲನ್‌ನಿಂದ ಅವರ ಹೆಸರು ಹೋಗಿ ಹೊಸದರ ಚಲನ್‌ನಲ್ಲಿ ಬರುತ್ತದೆ. ಲೆಕ್ಕದಲ್ಲಿ ಒಂದು ನಿರ್ಗಮನ, ಒಂದು ಮರುಸೇರ್ಪಡೆ. ತಿಂಗಳ ಸೇರ್ಪಡೆಯಲ್ಲಿ ದೊಡ್ಡ ಪಾಲು ಇರುವುದು ಕೆಲಸಗಾರರನ್ನು ಪೂರೈಸುವವರು, ಗುತ್ತಿಗೆದಾರರು, ಸೆಕ್ಯೂರಿಟಿ ಏಜೆನ್ಸಿಗಳು ಇರುವ ‘ತಜ್ಞ ಸೇವೆ’ ವಿಭಾಗಕ್ಕೇ ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ 10.52 ಲಕ್ಷ ಹೊಸಬರಿಗೆಲ್ಲ ಹೊಸ ಕೆಲಸ ಸಿಕ್ಕಿತೆ? ಅದನ್ನೂ ಹಾಗೆ ಹೇಳಲಾಗದು. ಪಿಎಫ್ ಕಾಯ್ದೆ ಅನ್ವಯಿಸುವುದು 20 ಅಥವಾ ಹೆಚ್ಚು ಜನ ದುಡಿಯುವ ಕಡೆ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ 19 ಮಂದಿ ವರ್ಷಗಟ್ಟಲೆ ಪಿಎಫ್ ಇಲ್ಲದೆ ದುಡಿದಿದ್ದಾರೆ ಎಂದುಕೊಳ್ಳಿ. ಇಪ್ಪತ್ತನೆಯವರು ಸೇರಿದ ತಿಂಗಳು ಎಲ್ಲರೂ ‘ಹೊಸ ಸದಸ್ಯರು’. ಸಿಕ್ಕಿದ್ದು ಒಂದೇ ಕೆಲಸ, ಅಂಕಿಯಲ್ಲಿ ಇಪ್ಪತ್ತು. ಆ 19 ಮಂದಿಗೆ ಕೊನೆಗೂ ಪಿಎಫ್ ಬಂತಲ್ಲ, ಅದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಅದನ್ನು ಉದ್ಯೋಗ ಸೃಷ್ಟಿ ಎಂದು ಕರೆದರೆ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಅನ್ಯಾಯ ಮಾಡಿದಂತೆ.

ಇನ್ನು, ಈ ಅಂಕಿಗಳು ತಾತ್ಕಾಲಿಕ ಎಂದು ಸಂಘಟನೆಯೇ ಪ್ರತಿ ಸಲ ಹೇಳುತ್ತದೆ. ಕೆಲಸ ಬಿಟ್ಟವರ ವಿವರವನ್ನು ಕಂಪನಿಗಳು ತಡವಾಗಿ ತುಂಬುತ್ತವೆ, ಹಳೆಯ ತಿಂಗಳ ಅಂಕಿ ಕುಗ್ಗುತ್ತದೆ. ಲಾಕ್‌ಡೌನ್ ಇದ್ದ 2020ರ ಏಪ್ರಿಲ್‌ನ ನಿವ್ವಳ ಸೇರ್ಪಡೆ ಜುಲೈನಲ್ಲಿ ಪ್ರಕಟವಾದಾಗ ಸುಮಾರು 1 ಲಕ್ಷ ಇತ್ತು. ಆಗಸ್ಟ್‌ನಲ್ಲಿ ಅದು 20,164ಕ್ಕೆ ಇಳಿಯಿತು. ಸೆಪ್ಟೆಂಬರ್ ಹೊತ್ತಿಗೆ ಮೈನಸ್ 61,807 ಆಯಿತು. ಆ ತಿಂಗಳು ಪಿಎಫ್‌ಗೆ ಬಂದವರಿಗಿಂತ ಹೋದವರೇ ಹೆಚ್ಚು ಎಂಬುದು ಗೊತ್ತಾಗಲು ಅಷ್ಟು ಕಾಲ ಹಿಡಿಯಿತು. ಮೊದಲ ತಲೆಬರಹದಷ್ಟು ಜಾಗ ಇಂಥ ಪರಿಷ್ಕರಣೆಗೂ ಸಿಗಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಸೇರ್ಪಡೆಯ ಅಂಕಿಯೂ ತಿಂಗಳು ತಿಂಗಳು ಬರುತ್ತದೆ. ಅದನ್ನು ಇದರ ಜೊತೆ ಕೂಡಿಸಬೇಡಿ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ ಸಾಮಾನ್ಯವಾಗಿ ಪಿಎಫ್, ಇಎಸ್‌ಐ ಎರಡೂ ಇರುವುದರಿಂದ ಒಬ್ಬರೇ ಎರಡು ಕಡೆ ಲೆಕ್ಕಕ್ಕೆ ಬರುತ್ತಾರೆ.