ಗುಂಪು ನಮ್ಮದು, ಜಾಗ ಬಾಡಿಗೆಯದು

ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ 2014ರಲ್ಲಿ ಮುಚ್ಚಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ. ವರ್ಷಗಟ್ಟಲೆ ಅಲ್ಲಿ ನಡೆದ ಹರಟೆ, ಜಗಳ, ಚರ್ಚೆಗಳಲ್ಲಿ ಬಹಳಷ್ಟು ಅಳಿಸಿಹೋಯಿತು. ಇಮೇಲ್‌ ಹಾಗಲ್ಲ. ಜಿಮೇಲ್‌ನಿಂದ ಯಾಹೂಗೆ ಪತ್ರ ಹೋಗುತ್ತದೆ, ಏಕೆಂದರೆ ಅದರ ನಿಯಮಗಳು ಯಾವ ಕಂಪನಿಯ ಸ್ವತ್ತೂ ಅಲ್ಲ. ವಾಟ್ಸಾಪ್‌ನಿಂದ ಟೆಲಿಗ್ರಾಮ್‌ಗೆ ಒಂದು ನಮಸ್ಕಾರ ಕಳಿಸಿ ನೋಡೋಣ! ಯುರೋಪಿನ ಒಕ್ಕೂಟ ಕಾನೂನು ತಂದು, ಬೇರೆ ಆ್ಯಪ್‌ಗಳ ಜೊತೆ ಮಾತಾಡು ಎಂದು ವಾಟ್ಸಾಪ್‌ಗೆ ಹೇಳಿದೆ. ಮ್ಯಾಟ್ರಿಕ್ಸ್, ಮಾಸ್ಟೊಡಾನ್ ಎಂಬ ಜಾಲಗಳು ಇಮೇಲಿನಂತೆಯೇ ಮುಕ್ತ ನಿಯಮಗಳ ಮೇಲೆ ನಿಂತಿವೆ. ಆದರೆ ನಿಮ್ಮ ಸೋದರತ್ತೆ ಅಲ್ಲಿಗೆ ಬರುವುದು, ನಿಜ ಹೇಳಬೇಕೆಂದರೆ, ಅನುಮಾನ. ಹಾಗಾಗಿ ವಾಟ್ಸಾಪ್ ಬಿಡಿ ಎನ್ನುವುದಿಲ್ಲ. ಆದರೆ ಗುಂಪಿನಲ್ಲಿರುವ ಬಡಾವಣೆಯ ಲೆಕ್ಕಪತ್ರ, ಜಾತ್ರೆಯ ಫೋಟೋಗಳನ್ನು ಆಗಾಗ ಎಕ್ಸ್‌ಪೋರ್ಟ್ ಮಾಡಿ ಬೇರೆಡೆ ಇಟ್ಟುಕೊಳ್ಳಿ. ಗುಂಪಿಗೆ ಇಬ್ಬರಾದರೂ ಅಡ್ಮಿನ್ ಇರಲಿ. ಸದಸ್ಯರ ಇಮೇಲ್ ವಿಳಾಸಗಳನ್ನು ಈ ವಾರವೇ ಕೇಳಿ ಬರೆದಿಡಿ.