ಸರಕಿನ ಪೆಟ್ಟಿಗೆಯನ್ನು ಗುರುತಿಸುವ ಕಣ್ಣು

ಕೊಡಗಿನ ತೋಟದಲ್ಲಿ ಬೆಳೆದ ಕಾಫಿ ಬೀಜವು ಯೂರೋಪಿನ ಅಂಗಡಿಯನ್ನು ಸೇರುವ ಮೊದಲು ಎಷ್ಟು ಕೈಗಳನ್ನು ದಾಟಬೇಕೆಂಬುದನ್ನು ನಾವು ಯೋಚಿಸುವುದು ಅಪರೂಪ. ಸಂಸ್ಕರಣ ಕೇಂದ್ರ, ಉಗ್ರಾಣ, ಲಾರಿ, ಪಣಂಬೂರಿನ ನವಮಂಗಳೂರು ಬಂದರು, ಹಡಗು, ಪರದೇಶದ ಇನ್ನೊಂದು ಬಂದರು, ಮತ್ತೆ ಲಾರಿ: ಹೀಗೆ ಅದು ಒಬ್ಬರ ವಶದಿಂದ ಮತ್ತೊಬ್ಬರ ವಶಕ್ಕೆ ಸಾಗುತ್ತದೆ. ಇವೆಲ್ಲವೂ ಒಂದೇ ಸರಪಣಿಯ ಕೊಂಡಿಗಳು. ಒಂದು ಕೊಂಡಿ ಸಡಿಲವಾದರೂ ಬೆಳೆಗಾರನ ವರ್ಷದ ದುಡಿಮೆ ನಷ್ಟವಾಗಬಹುದು. ಆದುದರಿಂದ ಸರಕನ್ನು ಕಳುಹಿಸಿದವರನ್ನು ಸದಾ ಎರಡು ಪ್ರಶ್ನೆಗಳು ಕಾಡುತ್ತವೆ. ಸರಕು ಈಗ ಎಲ್ಲಿದೆ? ದಾರಿಯಲ್ಲಿ ಅದನ್ನು ಯಾರಾದರೂ ಮುಟ್ಟಿದರೇ? ಇವಕ್ಕೆ ಉತ್ತರ ಹೇಳಲು ಕ್ಯಾಮೆರಾ ಎಂಬ ಯಂತ್ರದ ಕಣ್ಣು ಹೇಗೆ ನೆರವಾಗುತ್ತದೆಂಬುದನ್ನು ಈಗ ವಿಚಾರ ಮಾಡೋಣ.

ಒಂದೇ ರೂಪದ ಪೆಟ್ಟಿಗೆಗಳು

ಹಿಂದೆ ಮೂಟೆಗಳನ್ನೂ ಪೀಪಾಯಿಗಳನ್ನೂ ಒಂದೊಂದಾಗಿ ಹೊತ್ತು ಹಡಗಿಗೆ ತುಂಬುತ್ತಿದ್ದರು. ಕೆಲಸ ನಿಧಾನವಾಗಿತ್ತು, ಕಳವೂ ಸಾಮಾನ್ಯವಾಗಿತ್ತು. ೧೯೫೬ನೆಯ ಇಸವಿ ಏಪ್ರಿಲ್ ೨೬ರಂದು ಮಾಲ್ಕಂ ಮೆಕ್‌ಲೀನ್ ಎಂಬ ಅಮೆರಿಕದ ಉದ್ಯಮಿಯ 'ಐಡಿಯಲ್ ಎಕ್ಸ್' ಎಂಬ ಹಡಗು ೫೮ ಲೋಹದ ಪೆಟ್ಟಿಗೆಗಳನ್ನು ಹೊತ್ತು ನ್ಯೂಯಾರ್ಕ್ ಸಮೀಪದ ನೆವಾರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಇಂದು ಲೋಕವೆಲ್ಲ ಬಳಸುವ ಕಂಟೇನರು ಸಾಗಣೆಗೆ ಇದೇ ನಾಂದಿಯಾಯಿತು. ಬೀಗ ಹಾಕಿದ ಪೆಟ್ಟಿಗೆಯೊಳಗೆ ಕೈಯಿಡುವುದು ಸುಲಭವಲ್ಲ. ಆದರೆ ಹೊಸದೊಂದು ತೊಡಕು ಹುಟ್ಟಿಕೊಂಡಿತು. ಪೆಟ್ಟಿಗೆಗಳೆಲ್ಲವೂ ಒಂದೇ ರೂಪದವಾದುದರಿಂದ, ಸಾವಿರಾರು ಪೆಟ್ಟಿಗೆಗಳ ರಾಶಿಯಲ್ಲಿ ನಮ್ಮದು ಯಾವುದೆಂದು ತಿಳಿಯುವ ಬಗೆ ಹೇಗೆ? ಪ್ರತಿಯೊಂದಕ್ಕೂ ಒಂದು ಹೆಸರು ಬೇಕು. ಆ ಹೆಸರನ್ನು ತಪ್ಪಿಲ್ಲದೆ ಓದುವ ಕಣ್ಣೂ ಬೇಕು.

ರೈಲುಮಾರ್ಗದ ಪಾಠ

ಈ ಪ್ರಯತ್ನ ಮೊದಲು ನಡೆದುದು ರೈಲುಮಾರ್ಗದಲ್ಲಿ. ಅಮೆರಿಕದ ರೈಲ್ವೆಗಳು ೧೯೬೭ರಲ್ಲಿ 'ಕಾರ್‌ಟ್ರ್ಯಾಕ್' ಎಂಬ ಪದ್ಧತಿಯನ್ನು ಅಂಗೀಕರಿಸಿದವು. ಪ್ರತಿ ವ್ಯಾಗನ್ನಿನ ಪಕ್ಕದಲ್ಲಿ ಬಣ್ಣಬಣ್ಣದ ಅಡ್ಡಪಟ್ಟಿಗಳನ್ನು ಅಂಟಿಸಲಾಗುತ್ತಿತ್ತು. ಹಳಿಯ ಬದಿಯ ಯಂತ್ರವು ಬೆಳಕನ್ನು ಬೀರಿ, ಪಟ್ಟಿಗಳಿಂದ ಮರಳಿ ಬಂದ ಬೆಳಕಿನ ಬಣ್ಣದಿಂದ ವ್ಯಾಗನ್ನಿನ ಸಂಖ್ಯೆಯನ್ನು ತಿಳಿಯುತ್ತಿತ್ತು. ಯೋಚನೆ ಉತ್ತಮವಾದುದೇ. ಆದರೆ ಧೂಳು, ಮಸಿ, ಮಳೆಗಳ ಹೊಡೆತಕ್ಕೆ ಪಟ್ಟಿಗಳು ಮಾಸಿದವು. ಅವುಗಳನ್ನು ಒರೆಸಿ ಶುದ್ಧವಾಗಿಡುವವರಿರಲಿಲ್ಲ. ಓದಲಾಗದ ವ್ಯಾಗನ್ನುಗಳು ಹೆಚ್ಚಿ, ೧೯೭೦ರ ದಶಕದ ಕೊನೆಯ ವೇಳೆಗೆ ಪದ್ಧತಿಯನ್ನೇ ಕೈಬಿಡಬೇಕಾಯಿತು. ೧೯೯೦ರ ದಶಕದಲ್ಲಿ ಆ ಸ್ಥಾನಕ್ಕೆ, ಕೊಳೆ ಮೆತ್ತಿದ್ದರೂ ಉತ್ತರ ಕೊಡಬಲ್ಲ ರೇಡಿಯೋ ಬಿಲ್ಲೆಗಳು ಬಂದವು. ಕಣ್ಣು ಎಷ್ಟೇ ಚುರುಕಾಗಿದ್ದರೂ ನೋಡಬೇಕಾದ ವಸ್ತು ಮಸುಕಾಗಿದ್ದರೆ ಫಲವಿಲ್ಲವೆಂಬುದೇ ಇದರ ಪಾಠ.

ದ್ವಾರದಲ್ಲಿ ನಿಂತ ಕ್ಯಾಮೆರಾ

ಈಗಿನ ದೊಡ್ಡ ಬಂದರುಗಳಲ್ಲಿ ಲಾರಿಯು ಕ್ಯಾಮೆರಾಗಳನ್ನು ಜೋಡಿಸಿದ ಕಮಾನಿನ ಕೆಳಗೆ ಹಾದುಹೋಗುತ್ತದೆ. ಪೆಟ್ಟಿಗೆಯ ಸಂಖ್ಯೆ ಒಂದಕ್ಕಿಂತ ಹೆಚ್ಚು ಮುಖಗಳ ಮೇಲೆ ಬರೆದಿರುವುದರಿಂದ ಬೇರೆ ಬೇರೆ ದಿಕ್ಕುಗಳಿಂದ ಚಿತ್ರ ತೆಗೆಯುತ್ತಾರೆ. ಒಂದು ಕಡೆ ಬಣ್ಣ ಕಿತ್ತುಹೋಗಿದ್ದರೆ ಇನ್ನೊಂದು ಕಡೆಯದು ಸಹಾಯಕ್ಕೆ ಬರುತ್ತದೆ.

ಚಿತ್ರವೆಂಬುದು ಯಂತ್ರಕ್ಕೆ ಬಿಂದುಗಳ ಒಂದು ಜಾಲ ಮಾತ್ರ. ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳಿದ್ದರೆ ಒಂದು ಚಿತ್ರದಲ್ಲಿ ೨೦,೭೩,೬೦೦ ಬಿಂದುಗಳಾದವು. ಪ್ರತಿ ಬಿಂದುವಿನ ಬೆಳಕು ಎಷ್ಟೆಂಬುದು ಒಂದು ಸಂಖ್ಯೆ. ಆ ಸಂಖ್ಯೆಗಳಲ್ಲಿ ಅಕ್ಷರದ ಆಕಾರವನ್ನು ಕಂಪ್ಯೂಟರು ಹುಡುಕಿ ಗುರುತಿಸುತ್ತದೆ. ಆದರೆ ಮಸುಕಾದ ೩ನ್ನು ಅದು ೮ ಎಂದು ಭ್ರಮಿಸಬಹುದಲ್ಲವೇ? ಇದನ್ನು ಪತ್ತೆಹಚ್ಚುವ ಉಪಾಯವು ಸಂಖ್ಯೆಯಲ್ಲಿಯೇ ಅಡಗಿದೆ.

ತಪ್ಪನ್ನು ಹಿಡಿಯುವ ಅಂಕ

ಅಂತರರಾಷ್ಟ್ರೀಯ ನಿಯಮದಂತೆ ಪೆಟ್ಟಿಗೆಯ ಹೆಸರಿನಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳು, ಆರು ಅಂಕಗಳು, ಕೊನೆಗೆ ಒಂದು ಪರೀಕ್ಷಾ ಅಂಕ ಇರುತ್ತವೆ. ಮೊದಲ ಮೂರು ಅಕ್ಷರಗಳು ಒಡೆಯನನ್ನು ಸೂಚಿಸುತ್ತವೆ. ಅಕ್ಷರಗಳಿಗೆ ಬೆಲೆ ಕಟ್ಟುವ ಕ್ರಮ ಹೀಗಿದೆ: 'ಎ'ಗೆ ೧೦, ಅಲ್ಲಿಂದ ಮುಂದಕ್ಕೆ ಒಂದೊಂದಾಗಿ ಎಣಿಸುತ್ತ, ಹನ್ನೊಂದರ ಅಪವರ್ತ್ಯಗಳಾದ ೧೧, ೨೨, ೩೩ನ್ನು ಬಿಟ್ಟುಬಿಡಬೇಕು. ಹೀಗೆ 'ಬಿ'ಗೆ ೧೨, 'ಝಡ್'ಗೆ ೩೮ ಬರುತ್ತದೆ.

'ಸಿ ಎಸ್ ಕ್ಯೂ ಯು ೩೦೫೪೩೮' ಎಂಬ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಕ್ಷರಗಳ ಬೆಲೆ ಕ್ರಮವಾಗಿ ೧೩, ೩೦, ೨೮, ೩೨. ಈ ಹತ್ತು ಬೆಲೆಗಳನ್ನು ಎಡದಿಂದ ಕ್ರಮವಾಗಿ ೧, ೨, ೪, ೮, ೧೬, ೩೨, ೬೪, ೧೨೮, ೨೫೬, ೫೧೨ರಿಂದ ಗುಣಿಸಿದರೆ ೧೩, ೬೦, ೧೧೨, ೨೫೬, ೪೮, ೦, ೩೨೦, ೫೧೨, ೭೬೮, ೪೦೯೬ ಬರುತ್ತವೆ. ಮೊತ್ತ ೬೧೮೫. ಇದನ್ನು ೧೧ರಿಂದ ಭಾಗಿಸಿದರೆ ಶೇಷ ೩. ಇದೇ ಪರೀಕ್ಷಾ ಅಂಕ.

ಈಗ ಕ್ಯಾಮೆರಾ ಮೊದಲನೆಯ ೩ನ್ನು ೮ ಎಂದು ಓದಿತೆನ್ನೋಣ. ೪೮ರ ಬದಲು ೧೨೮ ಬಂದು ಮೊತ್ತವು ೬೨೬೫ ಆಗುತ್ತದೆ, ಶೇಷ ೬. ಪೆಟ್ಟಿಗೆಯ ಮೇಲಿರುವುದು ೩. ತಪ್ಪು ಬಯಲಾಯಿತು! ಇದು ಆಕಸ್ಮಿಕವಲ್ಲ. ಎರಡು ಅಂಕಗಳ ವ್ಯತ್ಯಾಸ ೯ನ್ನು ಮೀರದು. ಅದನ್ನು ಗುಣಿಸುವುದು ಎರಡರ ಘಾತಗಳು. ಇಂಥ ಗುಣಲಬ್ಧವನ್ನು ಅವಿಭಾಜ್ಯ ಸಂಖ್ಯೆಯಾದ ೧೧ ಎಂದಿಗೂ ನಿಶ್ಶೇಷವಾಗಿ ಭಾಗಿಸದು. ಆದುದರಿಂದ ಒಂದು ಅಂಕ ತಪ್ಪಿದರೆ ಶೇಷ ಬದಲಾಗಲೇಬೇಕು. ಶೇಷ ೧೦ ಬಂದಾಗ ಅದನ್ನೂ ೦ ಎಂದೇ ಬರೆಯುವುದರಿಂದ ಅಲ್ಲೊಂದು ಸಣ್ಣ ಸಂದು ಉಳಿಯುತ್ತದೆ. ಅಂಥ ಸಂಖ್ಯೆಗಳನ್ನು ಬಳಸದಿರುವುದೇ ಲೇಸು. ಅಕ್ಷರಗಳಲ್ಲಿಯೂ 'ಎ' ಮತ್ತು 'ಕೆ'ಗಳಂತೆ ೧೧ರ ವ್ಯತ್ಯಾಸವುಳ್ಳವು ಅದಲುಬದಲಾದರೆ ಈ ಪರೀಕ್ಷೆಗೆ ಗೊತ್ತಾಗದು.

ಕಣ್ಣಿಗೆ ಕಾಣದುದು

ಪೆಟ್ಟಿಗೆ ಯಾವುದೆಂದು ತಿಳಿಯಿತು. ಅದರೊಳಗಿನ ಸರಕು ಕ್ಷೇಮವೇ? ಸಾಧಾರಣ ಕ್ಯಾಮೆರಾ ಲೋಹವನ್ನು ಭೇದಿಸಿ ನೋಡಲಾರದು. ಅದಕ್ಕಾಗಿ ಬಾಗಿಲಿಗೆ ಸಂಖ್ಯೆಯುಳ್ಳ ಉಕ್ಕಿನ ಸೀಲನ್ನು ಹಾಕುತ್ತಾರೆ. ಕತ್ತರಿಸದೆ ಅದನ್ನು ತೆಗೆಯುವಂತಿಲ್ಲ. ಪ್ರತಿ ಕೊಂಡಿಯಲ್ಲಿಯೂ ಸೀಲಿನ ಸಂಖ್ಯೆಯನ್ನು ಚಿತ್ರಸಹಿತ ದಾಖಲೆ ಮಾಡಿದರೆ, ಬದಲಾವಣೆ ಎಲ್ಲಿ ಆಯಿತೆಂಬುದು ತಿಳಿಯುತ್ತದೆ. ತುಂಬಿದ ಪೆಟ್ಟಿಗೆಯ ತೂಕವನ್ನು ಹಡಗಿಗೇರಿಸುವ ಮುನ್ನ ದೃಢಪಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವು ೨೦೧೬ರ ಜುಲೈ ೧ರಿಂದ ಜಾರಿಗೆ ಬಂದಿದೆ. ಮುಖ್ಯವಾಗಿ ಹಡಗಿನ ಸುರಕ್ಷತೆಗಾಗಿ ಮಾಡಿದ ನಿಯಮವಾದರೂ ತೂಕವೂ ಒಂದು ಸಾಕ್ಷಿಯೇ. ಸಂಶಯ ಬಂದಲ್ಲಿ ಎಕ್ಸ್-ಕಿರಣಗಳಿಂದ ಒಳಗನ್ನು ನೋಡುವುದುಂಟು.

ಇಷ್ಟಾದರೂ ಮೋಸಕ್ಕೆ ಅವಕಾಶವಿಲ್ಲವೆನ್ನುವಂತಿಲ್ಲ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಂದರಿನಲ್ಲಿ ಮಾದಕ ವಸ್ತುಗಳ ಕಳ್ಳಸಾಗಣೆದಾರರು ಕಂಪ್ಯೂಟರು ವ್ಯವಸ್ಥೆಯೊಳಗೇ ನುಸುಳಿ, ತಮಗೆ ಬೇಕಾದ ಪೆಟ್ಟಿಗೆ ಎಲ್ಲಿದೆಯೆಂದು ತಿಳಿದು, ನಿಜವಾದ ಒಡೆಯರು ಬರುವ ಮುನ್ನವೇ ಅದನ್ನು ಸಾಗಿಸುತ್ತಿದ್ದ ಸಂಗತಿ ೨೦೧೩ರಲ್ಲಿ ಬೆಳಕಿಗೆ ಬಂದಿತು. ಇಂಥ ಸಂದರ್ಭದಲ್ಲಿ ಕ್ಯಾಮೆರಾಕ್ಕೆ ಕಾಣುವುದೇನು? ಸರಿಯಾದ ಸಂಖ್ಯೆಯ ಪೆಟ್ಟಿಗೆ, ಸರಿಯಾದ ಅನುಮತಿಯೊಡನೆ ಹೊರಹೋಗುತ್ತಿರುವ ಲಾರಿ! ಕಣ್ಣು ಸುಳ್ಳು ಹೇಳಲಿಲ್ಲ; ಅದಕ್ಕೆ ಹೋಲಿಸಲು ಕೊಟ್ಟ ದಾಖಲೆ ಕೆಟ್ಟಿತ್ತು.

ಆದುದರಿಂದ ಒಂದೇ ಸಾಕ್ಷಿಯನ್ನು ನಂಬುವುದು ವಿವೇಕವಲ್ಲ. ಚಿತ್ರ, ಸೀಲು, ತೂಕ, ಕಾಗದಪತ್ರ ಇವು ಒಂದನ್ನೊಂದು ಅವಲಂಬಿಸದೆ ಒಂದೇ ಮಾತನ್ನು ಹೇಳಿದಾಗ ಮಾತ್ರ ನಾವು ನಿಶ್ಚಿಂತರಾಗಿರಬಹುದು. ಇದರಿಂದ ಕಳ್ಳನು ಸಿಕ್ಕಿಬೀಳುವುದಷ್ಟೇ ಅಲ್ಲ, ನಿರಪರಾಧಿಗೂ ರಕ್ಷಣೆ ದೊರೆಯುತ್ತದೆ. ಸರಕು ಕಡಿಮೆಯಾದಾಗ ಮೊದಲ ಅನುಮಾನ ಬರುವುದು ಬಡ ಹಮಾಲಿಯ ಮೇಲೆ, ಇಲ್ಲವೆ ಲಾರಿಯ ಚಾಲಕನ ಮೇಲೆ. ತನ್ನ ಕೈಗೆ ಬಂದಾಗಲೇ ಸೀಲು ಒಡೆದಿತ್ತೆಂದು ತೋರಿಸುವ ಒಂದು ಚಿತ್ರ ಆತನ ಮಾನವನ್ನೂ ಅನ್ನವನ್ನೂ ಉಳಿಸಬಲ್ಲದು.

ಹೆದ್ದಾರಿಯಲ್ಲೋ ರೈಲು ನಿಲ್ದಾಣದಲ್ಲೋ ಇಂಥ ಪೆಟ್ಟಿಗೆ ಕಣ್ಣಿಗೆ ಬಿದ್ದರೆ ವಿದ್ಯಾರ್ಥಿ ಮಿತ್ರರು ಅದರ ಸಂಖ್ಯೆಯನ್ನು ಬರೆದುಕೊಂಡು, ಮೇಲಿನ ಕ್ರಮದಲ್ಲಿ ಲೆಕ್ಕ ಮಾಡಿ, ಕೊನೆಯ ಅಂಕಕ್ಕೆ ಹೋಲಿಸಿ ನೋಡಲಿ. ಬಂದರಿನ ಯಂತ್ರವು ಕ್ಷಣಮಾತ್ರದಲ್ಲಿ ಮಾಡುವ ಪರೀಕ್ಷೆಯನ್ನು ಕಾಗದ ಪೆನ್ಸಿಲುಗಳಿಂದಲೇ ಮಾಡಬಹುದೆಂಬುದು ಆಗ ಮನದಟ್ಟಾಗುತ್ತದೆ.